ಅಪ್ಪಾಜಿಯ ಕಣ್ಣು

ಮೊದಲು ಲಿಖಿತ ಪರೀಕ್ಷೆ, ಬಳಿಕ ಓಟ, ಬಳಿಕ ಜಿಗಿತ, ಕೊನೆಗೆ ವೈದ್ಯಕೀಯ ತಪಾಸಣೆ. ಮೊದಲ ಮೂರರಲ್ಲಿ ಭುವನಾ ಎಲ್ಲರಿಗಿಂತ ಮುಂದಿದ್ದಳು. ನವೆಂಬರ್ ಕೊನೆಯ ಆ ಮಧ್ಯಾಹ್ನ ಸೇನೆಯ ವೈದ್ಯರು ಅವಳ ಮುಂದೆ ಬಣ್ಣದ ಚುಕ್ಕೆಗಳ ಪುಸ್ತಕ ತೆರೆದರು. ಚುಕ್ಕೆಗಳ ನಡುವೆ ಅಡಗಿದ ಅಂಕಿಗಳನ್ನು ಓದಬೇಕಿತ್ತು. ಅವಳು ತಡವರಿಸಿದಳು. ಎರಡನೆಯ ಅವಕಾಶದಲ್ಲೂ ತಡವರಿಸಿದಳು.

“ಕೆಂಪು, ಹಸಿರು ನಿನಗೆ ಬೇರೆಬೇರೆಯಾಗಿ ಕಾಣುತ್ತಿಲ್ಲ,” ಎಂದರು ವೈದ್ಯರು. “ಹೆಣ್ಣುಮಕ್ಕಳಲ್ಲಿ ಇದು ಅಪರೂಪ. ಹುಟ್ಟಿನಿಂದ ಬಂದದ್ದಾದರೆ ನಿನ್ನ ತಂದೆಗೂ ಇರಲೇಬೇಕು.”

ಭುವನಾಳ ಎದೆ ಹಗುರಾಯಿತು. ತಂದೆ ಓಂಕಾರಮೂರ್ತಿ ಹದಿನೇಳು ವರ್ಷ ಸೇನೆಯಲ್ಲಿದ್ದವರು; ಇದೇ ಪುಸ್ತಕ ಓದಿ ಸೇರಿದವರು. ಅವರಿಗಿಲ್ಲದ್ದು ತನಗೆ ಹುಟ್ಟಿನಿಂದ ಬಂದಿರಲಾರದು. ಹಾಗಾದರೆ ಇದು ಕಾಯಿಲೆ. ಕಾಯಿಲೆಗೆ ಔಷಧಿ ಇರುತ್ತದೆ.

ತಮ್ಮೂರು ಜಾವಳಿಯ ಮನೆಯಲ್ಲಿ, ರೊಟ್ಟಿ ತಟ್ಟುತ್ತಿದ್ದ ತಾಯಿ ಗಿರಿಜಾಂಬಾ ಅವರ ಎದುರಿಗೇ ಅವಳು ಈ ತರ್ಕವನ್ನು ತಂದೆಗೆ ವಿವರಿಸಿದಳು. “ನಿಮಗಿಲ್ಲ ಅಂದ್ಮೇಲೆ ನಂದು ವಾಸಿಯಾಗುತ್ತೆ, ಅಪ್ಪಾಜಿ. ಮತ್ತೆ ಪರೀಕ್ಷೆಗೆ ಕೇಳ್ಕೋಬಹುದು.”

ಗಿರಿಜಾಂಬಾ ಅವರ ಕೈ ನಿಂತಿತು. ಓಂಕಾರಮೂರ್ತಿ ಹೆಂಡತಿಯ ಕಡೆ ನೋಡಿದರು. ಹಂಚಿನ ಮೇಲಿದ್ದ ರೊಟ್ಟಿ ಸೀಯತೊಡಗಿತು.

“ನನಗೂ ಇದೆ,” ಎಂದರು ತಂದೆ.

“ಏನಿದೆ?”

“ಅದೇ. ಕೆಂಪು ಹಸಿರು ಗೊತ್ತಾಗಲ್ಲ. ಸಾಲಲ್ಲಿ ಮುಂದಿದ್ದೋರು ಹೇಳೋ ಅಂಕಿ ಕೇಳಿಸ್ಕೊಂಡು ಬಾಯಿಪಾಠ ಮಾಡ್ದೆ. ಮೋಸ ಮಾಡಿ ಸೇರಿದ್ದು ಪುಟ್ಟಿ.”

ಯಾರದೋ ಪೆನ್ಸಿಲ್ ಮನೆಗೆ ತಂದಳೆಂದು ಅವಳನ್ನು ಮಳೆಯಲ್ಲೇ ಶಾಲೆಗೆ ವಾಪಸು ನಡೆಸಿದ್ದ ಮನುಷ್ಯ ಇವರು. ಭುವನಾ ತಟ್ಟೆ ಬಿಟ್ಟು ಎದ್ದಳು.

ಮರುದಿನದಿಂದ ತೋಟದಲ್ಲಿ ಹೊಸದೊಂದು ನಡೆಯಿತು. ಸಂಜೆ ಆಳುಗಳು ಕಾಫಿ ಕೊಯ್ಲಿನ ರಾಶಿಯನ್ನು ಗೋಣಿತಾಟಿನ ಮೇಲೆ ಸುರಿದು ಕೆಂಪು ಹಣ್ಣಿನಿಂದ ಹಸಿ ಕಾಯಿ ಆಯುವಾಗ ಓಂಕಾರಮೂರ್ತಿ ತಾವೂ ಕುಳಿತು, ಹಸಿ ಕಾಯಿಯನ್ನು ಹಣ್ಣಿನ ರಾಶಿಗೇ ಎಸೆಯತೊಡಗಿದರು.

“ಅಯ್ಯೋ ಸಾವ್ಕಾರ್ರೇ!” ಕೊಯ್ಲಿನ ಹುಚ್ಚಮ್ಮ ನಕ್ಕಳು. “ಮೊನ್ನೆ ತನಕ ಅಷ್ಟು ದೂರದಿಂದ್ಲೇ ನಮ್ಮ ಹಸಿ ಕಾಯಿ ಹಿಡಿದು ಬೈತಿದ್ರಿ. ಈಗ ನಿಮ್ಮನ್ನ ಯಾರು ಬೈಬೇಕು?”

“ನಂಗೆ ಬಣ್ಣ ಗೊತ್ತಾಗಲ್ಲ ಮಾರಾಯ್ತಿ. ಇಷ್ಟು ದಿನ ಗಾತ್ರ ನೋಡಿ ಹೇಳ್ತಿದ್ದೆ.”

“ಮತ್ತೆ ಮಿಲ್ಟ್ರೀಲಿ ಗುಂಡು ಯಾರಿಗೆ ಹೊಡೆದ್ರಿ? ನಮ್ಮೋರಿಗೋ, ಅವ್ರಿಗೋ?”

ತಾಟಿನ ಸುತ್ತ ಕುಳಿತವರೆಲ್ಲ ನಕ್ಕರು. ಓಂಕಾರಮೂರ್ತಿಯೂ ನಕ್ಕರು. ಆ ನಗು ಸಂತೆಯ ದಿನ ಮೂಡಿಗೆರೆ ತಲುಪಿತು. ಗಣರಾಜ್ಯೋತ್ಸವದ ಪಥಸಂಚಲನಕ್ಕೆ ಅಲ್ಲಿನ ಮಾಜಿ ಸೈನಿಕರ ಸಂಘದವರು ಪ್ರತಿ ವರ್ಷ ಮನೆಗೆ ಬಂದು ಕರೆಯುತ್ತಿದ್ದರು. ಈ ವರ್ಷ ಫೋನು ಕೂಡ ಮಾಡಲಿಲ್ಲ. ಓಂಕಾರಮೂರ್ತಿ ಇಸ್ತ್ರಿ ಮಾಡಿಸಿದ್ದ ಕೋಟನ್ನು ಮಡಿಸಿ ಒಳಗಿಟ್ಟರು.

ಭುವನಾಳ ಸಿಟ್ಟು ಅಂದೇ ಸಂದೇಹವಾಗಿ ಬದಲಾಯಿತು. ಮೋಸಗಾರ ತನ್ನ ಮೋಸವನ್ನು ಊರಿಗೆಲ್ಲ ಸಾರುವುದಿಲ್ಲ.

“ನಾನೊಬ್ಳೇ ಹೀಗೆ ಅಂತ ಕೊರಗಬಾರ್ದು ಅಂತ ಸುಳ್ಳು ಹೇಳ್ತಿದ್ದೀರಿ,” ಎಂದಳು. “ನಿಮ್ಮ ಸಮಾಧಾನ ಬೇಡ ನಂಗೆ, ಕೆಲಸ ಬೇಕು. ಚಿಕ್ಕಮಗಳೂರಿಗೆ ಬನ್ನಿ, ಇಬ್ರೂ ಕಣ್ಣು ತೋರಿಸೋಣ.”

“ಬೇಡ ಮಗಾ,” ಎಂದರು ಗಿರಿಜಾಂಬಾ. “ಬೇರೆ ಕೆಲಸ ಸಿಗುತ್ತೆ. ಅವರನ್ನ ಕರ್ಕೊಂಡು ಹೋಗ್ಬೇಡ.”

“ಇರ್ಲಿ ಬಿಡು ಗಿರಿಜಾ,” ಎಂದರು ಓಂಕಾರಮೂರ್ತಿ. “ನಾನಿದ್ದೀನಲ್ಲ.”

ಕಣ್ಣಿನ ಡಾಕ್ಟರ್ ದೀಪಶ್ರೀ ಭುವನಾಳನ್ನು ಮೊದಲು ಒಳಗೆ ಕರೆದರು. ಯಂತ್ರದಿಂದ ಎರಡೂ ಕಣ್ಣುಗಳ ಒಳಗೆ ನೋಡಿದರು. ನಂತರ ಅದೇ ಚುಕ್ಕೆಗಳ ಪುಸ್ತಕ. ಮೊದಲ ಪುಟದಲ್ಲಿದ್ದ ಹನ್ನೆರಡನ್ನು ಅವಳು ಓದಿದಳು. ಮುಂದಿನ ಯಾವ ಪುಟವೂ ದಕ್ಕಲಿಲ್ಲ.

“ಕಣ್ಣಿನಲ್ಲಿ ಕಾಯಿಲೆ ಇಲ್ಲ,” ಎಂದರು ಡಾಕ್ಟರ್. “ಇದು ಹುಟ್ಟಿನಿಂದಲೇ ಬಂದದ್ದು. ಸಂಶಯವಿಲ್ಲ. ಔಷಧಿಯೂ ಇಲ್ಲ.”

ಸೇನೆ ಅಲ್ಲಿಗೆ ಮುಗಿಯಿತು. ಭುವನಾ ಅಳಲಿಲ್ಲ. ಹುಟ್ಟಿನಿಂದ ಬಂದದ್ದಾದರೆ ತಂದೆಗೂ ಇರಲೇಬೇಕು. ಅಪ್ಪಾಜಿ ಹೇಳಿದ್ದು ನಿಜವೇ ಆಗಿತ್ತು; ವಿನಾಕಾರಣ ಅವರನ್ನು ಸುಳ್ಳುಗಾರ ಎಂದಿದ್ದಳು. ಬಾಗಿಲು ತೆರೆದು ಅವರನ್ನು ಒಳಗೆ ಕರೆದು, “ನಿಮ್ಮ ಪರೀಕ್ಷೆ ಬೇಡ, ಹೋಗೋಣ” ಎಂದಳು.

“ಇಲ್ಲಿ ತನಕ ಬಂದಾಗಿದೆ. ನನ್ನನ್ನೂ ನೋಡ್ಬಿಡಿ ಡಾಕ್ಟ್ರೇ. ಇವಳಿಗೆ ಇನ್ನೆಂದೂ ಅನುಮಾನ ಬರಬಾರ್ದು.”

ಡಾಕ್ಟರ್ ಮೊದಲ ಪುಟ ತೆರೆದರು.

ಓಂಕಾರಮೂರ್ತಿ ಕನ್ನಡಕ ಏರಿಸಿಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿದರು. “ಏನೂ ಕಾಣಲ್ಲ.”

“ಸರಿಯಾಗಿ ನೋಡಿ.”

“ಬರೀ ಚುಕ್ಕೆ ಡಾಕ್ಟ್ರೇ. ಅಂಕಿಯೇ ಇಲ್ಲ.”

ಡಾಕ್ಟರ್ ಎರಡನೆಯ ಪುಟ ತಿರುಗಿಸಲಿಲ್ಲ. ಭುವನಾಳ ಕಡೆ ನೋಡಿದರು. ಅವಳು ತಂದೆಯ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಪರೀಕ್ಷೆ ಗೆದ್ದವನ ಸಂತೋಷವಿತ್ತು.

“ನೋಡ್ದ್ಯಾ ಪುಟ್ಟಿ? ನನ್ನ ಕಣ್ಣೇ ನಿಂಗೆ ಬಂದಿರೋದು.”

“ಹೌದು ಅಪ್ಪಾಜಿ,” ಎಂದಳು ಭುವನಾ. ಅವರ ಕೈ ಹಿಡಿದುಕೊಂಡಳು.

ಮೊದಲ ಪುಟದ ಹನ್ನೆರಡು, ಕೆಂಪು ಹಸಿರು ಗೊತ್ತಾಗದವರಿಗೂ ಕಾಣುತ್ತದೆ. ಅದು ಕಾಣುವುದಿಲ್ಲ ಎನ್ನುವವರು, ಎಲ್ಲ ಬಣ್ಣಗಳೂ ಕಂಡು ಕುರುಡು ನಟಿಸುವವರು ಮಾತ್ರ.