ಸೀಸೆಯೊಳಗಿನ ಬೆವರು

ಕೋರ್ಟಿನ ಬಾಗಿಲಲ್ಲೇ ಎಂದಿನಂತೆ ಎಲ್ಲರ ಮುಡಿಯ ಹೂವು ತೆಗೆಸಿದ್ದರು. ಸಾಕ್ಷಿಯ ವಾಸನೆಗೆ ಬೇರೆ ವಾಸನೆ ಬೆರೆಯಬಾರದಲ್ಲ. ಮಂತ್ರಿಯ ಕೊಲೆಯ ಮರುವಿಚಾರಣೆ ನಡೆದಿತ್ತು. ಕೋರ್ಟಿನ ಮೂಸುಗಾತಿ ನೀಲಗಂಗವ್ವ, ಪಿಸ್ತೂಲಿನ ಹಿಡಿಯ ವಾಸನೆಯನ್ನು ಹನ್ನೆರಡು ವರ್ಷಗಳಿಂದ ಹಿಡಿದಿಟ್ಟಿದ್ದ ಸೀಸೆಯ ಬಿರಡೆ ತೆಗೆದು ಮೂಗಿಗೆ ಹಿಡಿದಳು.

ಈ ಕೊಲೆಗೆ ಶಿಕ್ಷೆಯಾಗಿ ಜೈಲಿನಲ್ಲೇ ಸತ್ತ, ಮಂತ್ರಿಯ ಡ್ರೈವರನ ಬೆವರು ಇದಲ್ಲ. ಆದರೆ ಗುರುತಿನ ಬೆವರೇ. ದಿನವೂ ಇದೇ ಕೋಣೆಯಲ್ಲಿ ಅವಳ ಮೂಗಿಗೆ ಬಡಿಯುವಂಥದ್ದು. ಈಗಲೂ ಅದು ನ್ಯಾಯಾಧೀಶರ ಪೀಠದಿಂದ ಇಳಿದು ಬರುತ್ತಿತ್ತು. ಅವಳು ಬಿರಡೆಯನ್ನು ಮತ್ತೆ ಬಿಗಿಯಾಗಿ ಒತ್ತಿದಳು.

“ಡ್ರೈವರಂದ ಐತ್ರಿ ಸಾಹೇಬ್ರ,” ಎಂದಳು.

ನ್ಯಾಯಾಧೀಶರು ಅದನ್ನು ಬರೆದುಕೊಂಡರು. ಆಮೇಲೆ ಅವಳತ್ತ ಬಾಗಿ, ನಿಧಾನವಾಗಿ ಉಸಿರೆಳೆದುಕೊಂಡು, ಅವಳಿಗಷ್ಟೇ ಕೇಳುವಂತೆ ಹೇಳಿದರು:

“ಸುಳ್ಳು ಹೇಳೂವಾಗ ಇಷ್ಟು ಹೆದರಬಾರದು, ನೀಲಗಂಗವ್ವ. ವಾಸನಿ ಬರ್ತದ.”