ಚೈನಿನ ಪಕ್ಕ ಒಂದು ಚಾಕ್ ಗೆರೆ

ನಲ್ಲಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ... ಹಾಗಾಗಿ ಆ ಬೆಳಿಗ್ಗೆ ಬೆಟಗೇರಿಯ ಓಣಿಯ ತುಂಬ ಕೊಡಗಳದೇ ಸದ್ದು.

ನೀಲಾಂಬಿಕಾ ಮೂರನೆಯ ಕೊಡ ಇಡುತ್ತಿದ್ದಳು. ಅಷ್ಟರಲ್ಲಿ ಬಾಗಿಲ ಹೊರಗೆ ಗಂಡನ ಬೈಕಿನ ಕಿಕ್ ಕೇಳಿಸಿತು. ಒಂದು... ಎರಡು... ಹತ್ತು...

ಗಾಡಿ ಕೆಮ್ಮಿ, ನೀಲಿ ಹೊಗೆ ಉಗುಳಿ, ಸುಮ್ಮನಾಯಿತು.

ಕೊಡ ತುಂಬಿ ನೀರು ಹರಿಯುತ್ತಿದ್ದರೂ ಅವಳಿಗೆ ಗಮನವಿಲ್ಲ. ಪ್ಲಗ್ ಅಲ್ಲ... ಅದನ್ನು ಮೊನ್ನೆ ಭಾನುವಾರವೇ ಉಜ್ಜಿದ್ದೇನೆ. ಇದು ಎಂಜಿನ್ನೇ ಸವೆದ ಸದ್ದು... ಎಂದಿತು ಮನಸ್ಸು.

ಗಂಡ ಗುರುಸಿದ್ಧ ಕರೆಂಟ್ ಮೀಟರ್ ಓದುವವನು. ಹಳ್ಳಿಯಿಂದ ಹಳ್ಳಿಗೆ, ದಿನಕ್ಕೆ ಅರವತ್ತು ಕಿಲೋಮೀಟರ್ ಓಡಾಟ. ಗೆಳೆಯರ ಮುಂದೆ ಅವನದು ಒಂದೇ ಹೆಮ್ಮೆ...

"ಹದಿನಾಲ್ಕು ವರ್ಷ ಆತು, ಒಂದು ದಿನಾನೂ ಮಿಸ್ತ್ರಿ ಕಡೆ ಒಯ್ದಿಲ್ಲ. ನನ್ನ ಗಾಡಿ ಅಂದ್ರ ಉಕ್ಕು!"

ಅದು ಉಕ್ಕಿನಂತೆ ಉಳಿದದ್ದು ಹೇಗೆ ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ.

ಮದುವೆಯಾದ ಹೊಸದರಲ್ಲಿ ನೀಲಾಂಬಿಕಾ ಗಾಡಿ ಮುಟ್ಟಿದಾಗ, "ಕೆಡಸ್ತಿ, ಬಿಡು" ಎಂದು ನಕ್ಕಿದ್ದ. ಅಂದಿನಿಂದ ಅವಳು ಗಾಡಿ ಮುಟ್ಟುವುದು ಭಾನುವಾರ ಮಧ್ಯಾಹ್ನ, ಅವನು ಉಂಡು ಮಲಗಿದ ಮೇಲೆಯೇ.

ಅವಳು ಓಣಿಯವರಿಗೆಲ್ಲ ಬ್ಲೌಸ್ ಹೊಲಿಯುವ ಟೇಲರ್. ಬೆಲ್ಟ್ ತಿರುಗುವ ಮಷಿನ್ ಬಲ್ಲವಳಿಗೆ ಚೈನ್ ತಿರುಗುವ ಮಷಿನ್ ಯಾವ ಮಹಾ? ಹಿತ್ತಲಿನ ನೆರಳಿನಲ್ಲಿ ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ಚೈನ್ ಒರೆಸಿ, ಬಿಗಿ ನೋಡಿ, ಬೇಕಾದಾಗ ಆಯಿಲ್ ಬದಲಿಸುವಳು...

ಎಲ್ಲ ಮುಗಿದ ಮೇಲೆ ಎಂಟು ವರ್ಷದ ಮಗಳು ಪ್ರಣತಿಯೊಂದಿಗೆ, ನಿಂತ ಗಾಡಿಯನ್ನೇ ಏರುವಳು. ತಾಯಿ ಮುಂದೆ, ಮಗಳು ಹಿಂದೆ. ಇಬ್ಬರೂ ಕಣ್ಣು ಮುಚ್ಚುವರು...

ಹಿತ್ತಲ ಗೋಡೆ ಮೆಲ್ಲಗೆ ಕರಗುವುದು... ಎರೆಹೊಲಗಳ ನಡುವೆ ರಸ್ತೆ ರಿಬ್ಬನ್ನಿನಂತೆ ಬಿಚ್ಚಿಕೊಳ್ಳುವುದು... ಎರಡೂ ಬದಿ ಸೂರ್ಯಕಾಂತಿಗಳು ತಲೆ ತಿರುಗಿಸಿ ನೋಡುವವು...

"ಎಲ್ಲಿಗೆ ಬಂದ್ವಿ ಅವ್ವಾ?"

"ಕಪ್ಪತಗುಡ್ಡ ದಾಟಿದ್ವಿ... ಗಟ್ಟಿ ಹಿಡ್ಕೊ."

ಒಳಗೆ ಮಂಚ ಕಿರುಗುಟ್ಟಿದರೆ ಸಾಕು, ಇಬ್ಬರೂ ಸರಕ್ಕನೆ ಇಳಿದುಬಿಡುವರು. "ಅಪ್ಪಗ ಹೇಳಬ್ಯಾಡವಾ, ನಗ್ತಾರ."

ಗಾಡಿ ಸುಮ್ಮನಾದ ಆ ಬೆಳಿಗ್ಗೆಯೇ, ಕೊಟ್ಟು ಹೊಸದು ತರಲೆಂದು ಅದನ್ನು ಟೆಂಪೋಗೆ ಹೇರಿ ಮೂವರೂ ಶೋರೂಮಿಗೆ ಹೋದರು.

ಗುರುಸಿದ್ಧನ ಕಣ್ಣು ನೆಟ್ಟಿದ್ದು ಆನೆಯಂಥ ಒಂದು ಬೈಕಿನ ಮೇಲೆ. ದಪ್ಪ ಟ್ಯಾಂಕು, ಎತ್ತರದ ಸೀಟು, ಮೈತುಂಬ ಪ್ಲಾಸ್ಟಿಕ್ ಕವಚ...

ನೀಲಾಂಬಿಕಾ ಬಗ್ಗಿ ನೋಡಿದಳು. ಪ್ಲಗ್ ಕವಚದೊಳಗೆ ಎಲ್ಲೋ ಅಡಗಿತ್ತು. ಹಿಂದಿನಿಂದ ಹಿಡಿದು ಎತ್ತಿದಳು... ಅಲುಗಲಿಲ್ಲ.

ಇದು ಮನೆಗೆ ಬಂದರೆ ಇನ್ನು ಆ ಭಾನುವಾರಗಳಿಲ್ಲ... ಸೂರ್ಯಕಾಂತಿಗಳೂ ಇಲ್ಲ...

"ಇದಕ್ಕ ನಡು ಸ್ಟ್ಯಾಂಡ್ ಇಲ್ಲೇನ್ರೀ?" ಮೆಲ್ಲಗೆ ಕೇಳಿದಳು.

"ಈಗಿನ ಗಾಡಿಗೆ ಅದ್ಯಾಕ್ರೀ ಮೇಡಂ?" ಸೇಲ್ಸ್‌ಮನ್ ನಕ್ಕ.

"ಸೀರಿ ಆರಿಸಿದಂಗ ಗಾಡಿ ಆರಿಸಾಕತ್ತಾಳ್ರಿ! ನೀವು ಬಿಲ್ ಬರೀರಿ," ಗುರುಸಿದ್ಧನೂ ನಕ್ಕ.

ಪ್ರಣತಿ ಏನೋ ಹೇಳಲು ಬಾಯಿ ತೆರೆದಳು. ತಾಯಿ ಅವಳ ಕೈ ಒತ್ತಿದಳು.

ಅಷ್ಟರಲ್ಲಿ, ಹಳೆಯ ಗಾಡಿಯನ್ನು ಪರೀಕ್ಷಿಸುತ್ತಿದ್ದ ಮುದುಕ ಮಿಸ್ತ್ರಿ ದಾವಲಸಾಬ್ ಕೂಗಿದ, "ಸಾಹೇಬ್ರ, ಈ ಗಾಡಿ ನೋಡ್ಕೊಳ್ಳೋರು ಯಾರ್ರೀ?"

"ಯಾರೂ ಇಲ್ಲ ಬಿಡ್ರಿ. ಅದು ಉಕ್ಕು!"

"ಉಕ್ಕಿಗೂ ತುಕ್ಕು ಹಿಡಿತೈತ್ರೀ... ಬರ್ರಿ ಇಲ್ಲಿ."

ದಾವಲಸಾಬ್ ಬೆರಳಿಟ್ಟು ತೋರಿಸಿದ. "ಚೈನ್ ಎಷ್ಟು ಬಿಗಿ ಇರಬೇಕಂತ ಟೇಲರ್ ಚಾಕ್‌ಲೆ ಗೆರಿ ಎಳದಾರ ನೋಡ್ರಿ. ಈ ವಾಯರ್‌ಗೆ ಕಟ್ಟಿದ ಕೆಂಪು ದಾರ... ಗುಂಡಿ ಹಚ್ಚೋ ಗಂಟ್ರೀ ಇದು! ಎಂಜಿನ್ನಿಗೆ ವಯಸ್ಸಾತು, ಆದ್ರ ಇಷ್ಟು ಜೋಪಾನ ಮಾಡಿದ ಗಾಡಿ ನಾ ನೋಡಿಲ್ಲ. ನಿಮ್ಮ ಮನ್ಯಾಗ ಟೇಲರ್ ಯಾರದಾರ?"

ಗುರುಸಿದ್ಧನ ನಗು ನಿಂತಿತು.

ಅವನು ಹೆಂಡತಿಯ ಕೈ ನೋಡಿದ. ಉಗುರಿನ ಸಂದಿಯ ಆ ಕಪ್ಪು ಗೆರೆ... ಹೊಲಿಗೆ ಮಷಿನ್ನಿನದು ಅಂದುಕೊಂಡಿದ್ದ.

ಹದಿನಾಲ್ಕು ವರ್ಷ... ಮಳೆ, ಕೆಸರು, ಯಾರೂ ಸುಳಿಯದ ದಾರಿಗಳು... ಒಮ್ಮೆಯೂ ಅವನನ್ನು ನಡುದಾರಿಯಲ್ಲಿ ಕೈಬಿಟ್ಟಿರಲಿಲ್ಲ ಆ ಗಾಡಿ.

"ನೀಲಾ... ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಬಿಡಸ್ತಿದ್ರಿ. ಬಿಟ್ಟಿದ್ರ ನೀವು ಎಲ್ಲ್ಯರ ಹಾದ್ಯಾಗ ನಿಂತಿರತಿದ್ರಿ..."

ಗುರುಸಿದ್ಧ ಅತ್ತ ತಿರುಗಿ ಕರವಸ್ತ್ರ ತೆಗೆದ. "ಕಣ್ಣಾಗ ಹೊಗಿ ಹೋತು," ಎಂದ. ಅಲ್ಲಿ ಒಂದು ಗಾಡಿಯೂ ಚಾಲೂ ಇರಲಿಲ್ಲ...

ಆಮೇಲೆ ಬಿಲ್ ಪುಸ್ತಕದ ಮೇಲೆ ಕೈಯಿಟ್ಟ. "ತಡೀರಿ, ಬರೀಬ್ಯಾಡ್ರಿ. ನೀಲಾ, ಯಾವುದು ತಗೊಳ್ಳೋಣು? ನೀನ ಹೇಳು."

ಅವಳು ನೇರವಾಗಿ ಮೂಲೆಯಲ್ಲಿದ್ದ ಸಾದಾ ಕಪ್ಪು ಗಾಡಿಯ ಹತ್ತಿರ ಹೋದಳು. ಹಗುರ ಮೈ, ನಡು ಸ್ಟ್ಯಾಂಡು, ಎದುರಿಗೇ ಕಾಣುವ ಪ್ಲಗ್, ಕೈಗೆ ಸಿಗುವ ಆಯಿಲ್ ಬೋಲ್ಟು...

"ಇದು ದಿನಾ ದುಡೀತೈತಿ. ಕೆಟ್ರ ಹಿತ್ತಲದಾಗ ರಿಪೇರಿ ಆಗ್ತೈತಿ."

"ಶಾಣ್ಯಾ ಇದ್ದಿ ನೋಡವಾ! ಕೆಲಸ ಬೇಕಂದ್ರ ನಾಳಿಂದನ ಬಾ," ದಾವಲಸಾಬ್ ಬಾಯ್ತುಂಬ ನಕ್ಕ.

ಎರಡು ದಿನದ ನಂತರ ಶೋರೂಮಿನ ಮುಂದೆ ಹೊಸ ಗಾಡಿಗೆ ಹೂ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟರು. ಗುರುಸಿದ್ಧ ಹತ್ತಿ ಕುಳಿತ. ನೀಲಾಂಬಿಕಾ ಎಂದಿನಂತೆ ನೆರಿಗೆ ಸರಿಮಾಡಿಕೊಂಡು ಹಿಂದಿನ ಸೀಟಿನ ಕಡೆ ನಡೆದಳು...

*ಮನೆಯಲ್ಲಿ ಯಾವುದೋ ಒಂದು ಕೆಡದೆ ನಡೆಯುತ್ತಿದೆ ಎಂದರೆ, ಯಾರೋ ಒಬ್ಬರು ಸದ್ದಿಲ್ಲದೆ ಅದನ್ನು ಕಾಯುತ್ತಿದ್ದಾರೆ ಎಂದೇ ಅರ್ಥ.*

ಇಷ್ಟಕ್ಕೇ ಕಥೆ ಮುಗಿಯಬಹುದಿತ್ತು... ಆದರೆ ಪ್ರಣತಿ ಗಾಡಿ ಹತ್ತಲಿಲ್ಲ. ಈ ಸಲ ತಾಯಿಯ ಕೈಗೆ ಸಿಗದಂತೆ ದೂರ ನಿಂತು, ಇಷ್ಟು ದಿನ ನುಂಗಿಕೊಂಡದ್ದನ್ನು ಗಟ್ಟಿಯಾಗಿ ಕೇಳಿಯೇಬಿಟ್ಟಳು...

"ಅಪ್ಪಾ... ಗಾಡಿ ನೋಡ್ಕೊಳ್ಳಾಕಿ ಅವ್ವ, ಆರಿಸಿದಾಕಿನೂ ಅವ್ವ... ಮತ್ತ ಅವ್ವ ಯಾಕ ಯಾವಾಗ್ಲೂ ಹಿಂದನ ಕೂಡಬೇಕು?"