ಸಮುದ್ರ ಬರುವ ತನಕ

ಪಡುಕೆರೆಯ ಸಮುದ್ರ ಹಿಂದೆ ಸರಿಯುತ್ತ ಸರಿಯುತ್ತ ಕಣ್ಣಿಗೆ ಕಾಣದಷ್ಟು ದೂರ ಹೋದ ಮೇಲೂ ಹೊಸ ವಿಹಾರ ಹಡಗಿನ ಉದ್ಘಾಟನೆ ರದ್ದಾಗಲಿಲ್ಲ. ಅದನ್ನು ಮುಂದೂಡುತ್ತ ಬಂದರು, ಅಷ್ಟೆ.

ಟಿಕೆಟ್ ಕೊಂಡವರು ಕಾದು ಬೇಸತ್ತು ಹಡಗು ಹತ್ತಿ ಅಲ್ಲೇ ಸಂಸಾರ ಹೂಡಿದ್ದರು. ಮರಳಿನ ಮೇಲೆ ಕೂತ ಹಡಗಿನಲ್ಲಿ ಬೆಳಿಗ್ಗೆ ಬಿಳಿ ಟೋಪಿ ಹಾಕಿಕೊಂಡು ಅಡ್ಡಾಡುತ್ತಿದ್ದರು, ಸಂಜೆ ಹೊಟ್ಟೆ ತೊಳಸುತ್ತದೆಂದು ಮಾತ್ರೆ ನುಂಗುತ್ತಿದ್ದರು. ತೂಗಾಟ ಸಾಲದೆಂದು ದೂರು ಬಂದರೆ ಕೆಳಗೆ ಕೂಲಿಯವರು ಜಾಕಿ ಕೊಟ್ಟು ಹಡಗನ್ನು ಅಲುಗಾಡಿಸಬೇಕಿತ್ತು.

ಸುಗುಣ ಆ ಕೂಲಿಯವರಲ್ಲಿ ಒಬ್ಬಳು. ಅವಳಿಗೆ ನಿಶ್ಚಯವಾಗಿದ್ದ ಗಂಡು ದಯಾಕರ ಮೇಲೆ ಹಡಗಿನಲ್ಲಿ ವೇಟರ್ ಆಗಿದ್ದ. ಹಡಗು ಹೊರಟ ಮೇಲೆಯೇ ಮದುವೆ ಎಂದು ಅವನು ಪ್ರತಿ ಸಲವೂ ಮುಹೂರ್ತ ತಪ್ಪಿಸಿದ್ದ. ನಾಳೆಯದು ತಪ್ಪಿದರೆ ಸಂಬಂಧವೇ ಬೇಡವೆಂದು ಅವಳ ಅಪ್ಪ ಹೇಳಿಬಿಟ್ಟಿದ್ದರು.

ಇವತ್ತು ಮೈಕಿನಲ್ಲಿ ಮತ್ತೆ ಮುಂದೂಡಿಕೆ ಸಾರಿದರು. ಹಡಗಿನ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಸುಗುಣ ಏಣಿಯ ಬುಡಕ್ಕೆ ಬಂದು ಕೂಗಿದಳು.

"ಹೋಯ್, ಇಳಿದು ಬನ್ನಿ! ನಾಳೆ ಮದುವೆ ಉಂಟಲ್ಲ?"

ದಯಾಕರ ಕಂಬಿ ಹಿಡಿದು ಬಗ್ಗಿ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ನಿಂಗೆ ಹುಚ್ಚಾ ಮಾರಾಯ್ತಿ? ನಡು ಸಮುದ್ರದಲ್ಲಿ ಹೇಗೆ ಇಳಿಯುದು?"

ತಮಾಷೆಯಿರಬೇಕೆಂದು ಅವಳು ಮೊದಲು ನಕ್ಕಳು. ಅವನು ನಗಲಿಲ್ಲ, ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಂಡ. ಅವಳ ಅಂಗಾಲಿಗೆ ಮರಳು ಚುರುಗುಟ್ಟುತ್ತಿತ್ತು.

"ಹೌದೌದು, ಅಲೆ ಜೋರುಂಟು," ಎಂದಳು ಸುಗುಣ. "ನೀವು ಅಲ್ಲೇ ಇರಿ. ಮದುಮಗ ಮುಳುಗಿದ ಅಂತ ನೆಂಟರಿಗೆ ನಾನೇ ಹೇಳ್ತೇನೆ."